ಬಣ್ಣ ಕೆರೆಯೋ ಮುಂಚೆ ಸ್ವಲ್ಪ ನಿಲ್ಲಿ ಸ್ವಾಮೀ...

ಬೇಸ್ ಗಿಟಾರ್ ರಿಪೇರಿ ನನ್ನ ಹವ್ಯಾಸ ಅಂತ ಗೊತ್ತಾದ ಕೂಡಲೇ ಜನ ಕೇಳೋ ಮೊದಲ ಪ್ರಶ್ನೆ, "ಬಣ್ಣ ಹೊಡೆದು ಹೊಸದರ ಥರ ಮಾಡಿಕೊಡ್ತೀರಾ?" ಅಂತ. ತಂತಿ ಬೆರಳು ಒತ್ತೋಕೆ ಆಗದಷ್ಟು ಮೇಲೆದ್ದಿರುತ್ತೆ, ಮೂರನೇ ಫ್ರೆಟ್ ಹತ್ತಿರ ಕರಕರ ಅನ್ನುತ್ತೆ, ಆಂಪ್‌ಗೆ ಸಿಕ್ಕಿಸಿದರೆ ಜೇನುಗೂಡಿಗೆ ಕಲ್ಲು ಹೊಡೆದ ಹಾಗೆ ಗುಂಯ್ ಅನ್ನುತ್ತೆ. ಅದರ ಬಗ್ಗೆ ಒಂದು ಮಾತಿಲ್ಲ. ಮೂಲೆಯಲ್ಲಿ ಬಣ್ಣ ಎದ್ದಿದೆ, ಅದೇ ಚಿಂತೆ! ನನಗೆ ಇದು ಪೂರ್ತಿ ಉಲ್ಟಾ ಅನ್ನಿಸುತ್ತೆ. ಹಳೇ ಬೇಸಿನ ಬಣ್ಣ ಕೆರೆದು ಹೊಸ ಬಣ್ಣ ಬಳಿಯೋದು ರಿಪೇರಿ ಅಲ್ಲ. ಬಹಳ ಸಲ ಅದು ಬೇಡದ ಕೆಲಸ, ಕೆಲವು ಸಲ ವಾದ್ಯವನ್ನೇ ಹಾಳು ಮಾಡೋ ಕೆಲಸ.

ಬೇಸ್ ಗೊತ್ತಿಲ್ಲದವರಿಗೆ ಎರಡು ಮಾತು. ಆರ್ಕೆಸ್ಟ್ರಾದಲ್ಲಿ ಡ್ರಮ್ಸ್ ಪಕ್ಕ ನಿಂತು, ಯಾರ ಕಣ್ಣಿಗೂ ಬೀಳದೆ ದುಂ ದುಂ ಅಂತ ನುಡಿಸ್ತಾ ಇರ್ತಾರಲ್ಲ, ಅವರ ಕೈಲಿರೋದು. ಮಾಮೂಲಿ ಗಿಟಾರಿಗಿಂತ ಉದ್ದದ ನೆಕ್, ದಪ್ಪನೆಯ ನಾಲ್ಕು ತಂತಿ. ಅತಿ ದಪ್ಪ ತಂತಿಯ ಕಂಪನ ಸೆಕೆಂಡಿಗೆ ಸುಮಾರು 41. ಅದನ್ನ ನಾವು ಕಿವಿಗಿಂತ ಎದೆಯಲ್ಲೇ ಜಾಸ್ತಿ ಕೇಳ್ತೀವಿ. (ರಾಯಚೂರಿನ ಗೆಳೆಯನೊಬ್ಬ ನಾನು ಬೇಸ್ ಅಂದಾಗಲೆಲ್ಲ "ಬೇಸ್ ಐತಿ ಬಿಡ್ರಿ" ಅಂತ ನಗ್ತಾನೆ. ಅವರ ಕಡೆ ಹಾಗಂದ್ರೆ ಚೆನ್ನಾಗಿದೆ ಅಂತ :-) )

ಈ ನಾಲ್ಕು ತಂತಿ ಸೇರಿ ನೆಕ್ಕನ್ನು ಎಳೆಯೋ ಬಲ 80 ಕೆಜಿ ಆಸುಪಾಸು. ಒಬ್ಬ ದೊಡ್ಡ ಮನುಷ್ಯ ವರ್ಷಗಟ್ಟಲೆ ಆ ಮರದ ಪಟ್ಟಿಗೆ ಜೋತು ಬಿದ್ದಿದ್ದಾನೆ ಅಂದುಕೊಳ್ಳಿ. ಅದಕ್ಕೇ ನೆಕ್ಕಿನ ಒಳಗೆ ಟ್ರಸ್ ರಾಡ್ ಅನ್ನೋ ಕಬ್ಬಿಣದ ಸರಳು ಇರುತ್ತೆ, ತಂತಿ ಎಳೆಯೋದಕ್ಕೆ ಎದುರಾಗಿ ಮರವನ್ನು ಹಿಂದಕ್ಕೆ ಎಳೆಯೋಕೆ. ಮಳೆಗಾಲದಲ್ಲಿ ಮರ ತೇವ ಹೀರುತ್ತೆ, ಮಾರ್ಚ್ ಬಿಸಿಲಿಗೆ ಒಣಗುತ್ತೆ, ನೆಕ್ ಆಚೀಚೆ ಆಗುತ್ತೆ. ದಪ್ಪ ತಂತಿಯನ್ನು ಮೊದಲ ಫ್ರೆಟ್ಟಿನಲ್ಲೂ ಕೊನೇ ಫ್ರೆಟ್ಟಿನಲ್ಲೂ ಒತ್ತಿ ಹಿಡಿದು, ಏಳೆಂಟನೇ ಫ್ರೆಟ್ ಹತ್ತಿರ ತಂತಿಯ ಕೆಳಗೆ ಎಷ್ಟು ಸಂದು ಇದೆ ನೋಡಿ. ಒಂದು ವಿಸಿಟಿಂಗ್ ಕಾರ್ಡ್ ಸಲೀಸಾಗಿ ತೂರಿದರೆ ಸಾಕು. ಅಂದರೆ ಮಿಲಿಮೀಟರಿನ ಮೂರನೇ ಒಂದು ಭಾಗಕ್ಕೂ ಕಮ್ಮಿ. ಜಾಸ್ತಿ ಇದ್ದರೆ ಅಲೆನ್ ಕೀಯಿಂದ ಕಾಲು ಸುತ್ತು ಬಿಗಿ ಮಾಡಿ, ಒಂದು ದಿನ ಬಿಟ್ಟು ಮತ್ತೆ ನೋಡಿ. ಅಷ್ಟೇ. "ಇದು ನುಡಿಸೋಕೇ ಆಗಲ್ಲ, ಮಾರಿಬಿಡ್ತೀನಿ" ಅಂತ ತಂದ ಎಷ್ಟೋ ಬೇಸುಗಳು ಈ ಕಾಲು ಸುತ್ತಿನಲ್ಲಿ ದಾರಿಗೆ ಬಂದಿವೆ.

ಗುಂಯ್ ಶಬ್ದದ ಕತೆಯೂ ಹೀಗೇ. ವೈರ್ ಸಿಕ್ಕಿಸೋ ಜ್ಯಾಕ್‌ನ ಲೋಹ ಮುಟ್ಟಿದರೆ ಶಬ್ದ ಕಮ್ಮಿಯಾಗಿ, ತಂತಿ ಮುಟ್ಟಿದರೆ ಏನೂ ವ್ಯತ್ಯಾಸ ಆಗದಿದ್ದರೆ, ಬ್ರಿಡ್ಜ್ ಕೆಳಗಿನ ಅರ್ತ್ ವೈರ್ ಬಿಟ್ಟಿದೆ ಅಂತ ಲೆಕ್ಕ. ಒಂದು ಚೂರು ವೈರು, ಒಂದು ಹನಿ ಸೋಲ್ಡರ್. ವಾಲ್ಯೂಮ್ ತಿರುಗಿಸಿದಾಗ ಪರಪರ ಅಂದರೆ ಎಸ್.ಪಿ. ರೋಡಿಗೆ ಹೋಗಿ 250ಕೆ ಪಾಟ್ ತಂದು ಹಾಕಿ. (ಅರ್ತ್ ಅಂದಾಗ ನೆನಪಾಯ್ತು. ಪೆಂಡಾಲಿನಲ್ಲಿ ನುಡಿಸೋರು ಆಂಪ್ ಪ್ಲಗ್ಗಿನ ಮೂರನೇ ಪಿನ್ನನ್ನ ದಯವಿಟ್ಟು ಕಿತ್ತು ಹಾಕಬೇಡಿ. ತಂತಿ ನಿಮ್ಮ ಕೈಯಲ್ಲಿ, ಮೈಕ್ ತುಟಿ ಹತ್ತಿರ. ಆಮೇಲೆ ಹೇಳೋಕೆ ಏನೂ ಉಳಿಯಲ್ಲ.)

ಇನ್ನು ಬಣ್ಣಕ್ಕೆ ಬರೋಣ. ಮೊದಲ ಎಲೆಕ್ಟ್ರಿಕ್ ಬೇಸುಗಳಲ್ಲಿ ನಿಜವಾಗಿ ಜನರ ಕೈಗೆ ಸಿಕ್ಕಿದ್ದು 1951ರ ಫೆಂಡರ್ ಪ್ರಿಸಿಷನ್ ಬೇಸ್. ಮಾಡಿದ ಲಿಯೋ ಫೆಂಡರ್ ರೇಡಿಯೋ ರಿಪೇರಿ ಮಾಡ್ತಿದ್ದವನು, ಅವನಿಗೆ ಗಿಟಾರ್ ನುಡಿಸೋಕೆ ಬರ್ತಾ ಇರಲಿಲ್ಲ. ರಿಪೇರಿಯವನ ಬುದ್ಧಿ ನೋಡಿ: ನೆಕ್ಕನ್ನು ಬಾಡಿಗೆ ಅಂಟಿಸಲಿಲ್ಲ, ನಾಲ್ಕು ಸ್ಕ್ರೂ ಹಾಕಿ ಕೂರಿಸಿದ. ಕೆಟ್ಟರೆ ಬಿಚ್ಚು, ಬೇರೆ ಹಾಕು. ಇವತ್ತು ನಮ್ಮಂಥ ಹವ್ಯಾಸಿಗಳು ಬಾಲ್ಕನಿಯಲ್ಲಿ ಕೂತು ಬೇಸ್ ಬಿಚ್ಚಿ ಜೋಡಿಸ್ತಾ ಇದ್ದೀವಿ ಅಂದರೆ ಅದು ಆ ನಾಲ್ಕು ಸ್ಕ್ರೂಗಳ ಪುಣ್ಯ. ಬಣ್ಣಕ್ಕೆ ಅವನ ಕಂಪನಿ ಬಳಸಿದ್ದು ಕಾರಿನ ಬಣ್ಣಗಳನ್ನ, ಡ್ಯುಪಾಂಟ್ ಕಂಪನಿಯ ಡ್ಯೂಕೋ ಮತ್ತು ಲ್ಯೂಸೈಟ್. ನಮ್ಮ ಫರ್ನಿಚರ್ ಪೇಂಟರ್‌ಗಳು ಈಗಲೂ "ಡ್ಯೂಕೋ ಹೊಡೆಯೋಣ ಸಾರ್" ಅಂತಾರಲ್ಲ, ಆ ಹೆಸರು ಬಂದಿದ್ದು ಅಲ್ಲಿಂದಲೇ. ಡ್ಯೂಕೋ ಅಂದರೆ ನೈಟ್ರೋಸೆಲ್ಯುಲೋಸ್ ಲ್ಯಾಕರ್. ತೆಳುವಾಗಿ ಕೂರುತ್ತೆ, ವರ್ಷ ಕಳೆದ ಹಾಗೆ ಹಳದಿ ತಿರುಗುತ್ತೆ, ಕೈ ತಾಗಿದಲ್ಲಿ ಸವೆಯುತ್ತೆ. 1960ರ ದಶಕದ ಕೊನೆಗೆ ಫೆಂಡರ್ ದಪ್ಪನೆಯ ಪಾಲಿಯೆಸ್ಟರ್‌ಗೆ ಬದಲಾಯಿತು. ಅದು ಸವೆಯಲ್ಲ, ಪೆಟ್ಟು ಬಿದ್ದರೆ ಗಾಜಿನ ಥರ ಚಕ್ಕೆ ಏಳುತ್ತೆ.

ಇದನ್ನು ಕೆರೆಯೋಕೆ ಹೊರಟರೆ ಏನಾಗುತ್ತೆ? ಪಾಲಿಯೆಸ್ಟರ್ ಆದರೆ ಉಪ್ಪುಕಾಗದಕ್ಕೆ ಜಪ್ಪಯ್ಯ ಅನ್ನಲ್ಲ. ಹೀಟ್ ಗನ್ ಹಿಡಿದರೆ ಕೆಟ್ಟ ಹೊಗೆ. ಬಹಳ ಹಳೇ ಬಣ್ಣದಲ್ಲಿ ಸೀಸ ಇರಬಹುದು, ಆ ಧೂಳು ಮಕ್ಕಳಿರೋ ಮನೆಗೆ ಬೇಡವೇ ಬೇಡ. ಇಷ್ಟೆಲ್ಲ ದಾಟಿ ಮರ ಕಂಡಿತು ಅನ್ನಿ. ಉಜ್ಜಿ ಉಜ್ಜಿ ಬಾಡಿಯ ಅಂಚುಗಳು ಸೋಪಿನ ಥರ ನುಣುಪಾಗಿರುತ್ತವೆ. ಮುಖ್ಯವಾಗಿ ನೆಕ್ ಕೂರೋ ಗುಂಡಿ ನೋಡಿ. ಅಲ್ಲಿ ಉಜ್ಜಿದರೆ ನೆಕ್ ಸಡಿಲ, ಹೊಸ ಬಣ್ಣ ದಪ್ಪ ಬಿದ್ದರೆ ನೆಕ್ ಸರಿಯಾಗಿ ಕೂರಲ್ಲ. ಬಲವಂತ ಮಾಡಿದರೆ ಬಣ್ಣ ಬಿರುಕು ಬಿಡುತ್ತೆ. ಅಲ್ಲಿ ಕೂದಲೆಳೆಯಷ್ಟು ಓರೆಯಾದರೂ ತಂತಿಯ ಎತ್ತರ ಬದಲಾಗುತ್ತೆ. ಚಂದ ಮಾಡೋಕೆ ಹೋಗಿ ನುಡಿಸೋದಕ್ಕೇ ಕುತ್ತು! ಬೆಲೆಬಾಳೋ ಹಳೇ ಬೇಸ್ ಆದರೆ ಮೂಲ ಬಣ್ಣ ಹೋದ ಕೂಡಲೇ ಬೆಲೆ ಅರ್ಧಕ್ಕರ್ಧ ಇಳಿಯೋದು ಸಾಮಾನ್ಯ, ಆ ಮಾತು ಬೇರೆ.

ಫಿಂಗರ್‌ಬೋರ್ಡಿನದು ಇನ್ನೂ ಬೇಜಾರಿನ ವಿಷಯ. ಎಷ್ಟೋ ಬೇಸುಗಳಲ್ಲಿ ಅದು ಬೀಟೆ, ನಮ್ಮ ಪಶ್ಚಿಮಘಟ್ಟದ್ದೇ ಮರ. 2017ರಲ್ಲಿ ಬೀಟೆಯ ಕುಲವನ್ನೇ ಸೈಟಿಸ್ ಒಪ್ಪಂದದ ಎರಡನೇ ಪಟ್ಟಿಗೆ ಸೇರಿಸಿದರು. ತಯಾರಾದ ವಾದ್ಯಗಳಿಗೆ ವಿನಾಯಿತಿ ಸಿಕ್ಕಿದ್ದು 2019ರ ಕೊನೆಗೆ. ಅಂಥ ಮರವನ್ನು "ಕೊಳೆ ಹೋಗಲಿ" ಅಂತ ಒರಟು ಉಪ್ಪುಕಾಗದದಲ್ಲಿ ಉಜ್ಜಿ ಧೂಳು ಮಾಡ್ತಾರಲ್ಲ, ನೋಡಿದರೆ ಹೊಟ್ಟೆ ಉರಿಯುತ್ತೆ. ಹಿಂಡಿದ ಒದ್ದೆ ಬಟ್ಟೆ, ಹಳೇ ಟೂತ್ ಬ್ರಷ್, ಕೊನೆಗೆ ಒಂದೆರಡು ಹನಿ ಎಣ್ಣೆ ಸವರಿ ಒರೆಸಿದರೆ ಅದರ ಕಡುಕಂದು ಬಣ್ಣ ತಾನೇ ಎದ್ದು ಬರುತ್ತೆ.

ನಮ್ಮ ವೀಣೆಯನ್ನೇ ನೋಡಿ. ಹಿತ್ತಾಳೆಯ 24 ಮೆಟ್ಟಿಲುಗಳು ಕೂರೋದು ಮೇಣದ ಮೇಲೆ. ವರ್ಷಗಳಾದ ಮೇಲೆ ಮೇಣ ಜಗ್ಗಿ ಸ್ವರ ತಪ್ಪುತ್ತೆ, ಆಗ ಮೇಳ ಕಟ್ಟಿಸ್ತೀವಿ. ಅದು ರಿಪೇರಿ. ಅಜ್ಜಿಯ ವೀಣೆಗೆ ಯಾರಾದರೂ "ಮೆಟಾಲಿಕ್ ನೀಲಿ ಹೊಡೆಸಿ" ಅಂತಾರಾ? ಬೇಸ್ ಮಾತ್ರ ಏನು ಪಾಪ ಮಾಡಿತ್ತು?

ಹೋದ ವರ್ಷ ಒಬ್ಬರು ತಮ್ಮ ತಂದೆಯ ಬೇಸ್ ತಂದಿದ್ದರು. ತಂದೆ ಮೂವತ್ತು ವರ್ಷಕ್ಕೂ ಜಾಸ್ತಿ ಗಣೇಶನ ಪೆಂಡಾಲು, ರಾಜ್ಯೋತ್ಸವ, ಮದುವೆ ಆರತಕ್ಷತೆ ಅಂತ ಬೆಂಗಳೂರಿನ ಆರ್ಕೆಸ್ಟ್ರಾಗಳಲ್ಲಿ ನುಡಿಸಿದವರು, ಈಗಿಲ್ಲ. ಮಗ ಕಾಲೇಜು ಸೇರಿದ್ದಾನೆ, ಕಲೀತೀನಿ ಅಂತಿದ್ದಾನೆ. "ಹಳೇದು ಅಂತ ಅವನು ಮುಟ್ಟಲ್ಲ ಸರ್. ಕಪ್ಪು ಬಣ್ಣ ಹೊಡೆದು ಶೋರೂಮ್ ಪೀಸ್ ಥರ ಮಾಡಿಕೊಡಿ" ಅಂದರು. ದೇಶಿ ಬೇಸ್, ಮಾರಿದರೆ ಹೆಚ್ಚೇನೂ ಬರಲ್ಲ. ಬಲ ಮುಂಗೈ ಕೂರೋ ಜಾಗದಲ್ಲಿ ಕೆಂಪು ಬಣ್ಣ ಸವೆದು, ಕೆಳಗಿನ ಬಿಳಿ ಸವೆದು, ಅಂಗೈಯಗಲ ಮರ ಕಾಣ್ತಿತ್ತು. ಹಿಂದುಗಡೆ ಬೆಲ್ಟ್ ಬಕಲ್ ಗೀರುಗಳು. ನೆಕ್ಕಿನ ಪಕ್ಕದಲ್ಲಿ ಬಿಳಿ ಚುಕ್ಕಿಗಳ ಮೇಲೆ ಒಂದೊಂದು ಕೆಂಪು ಬೊಟ್ಟು. ಸ್ಟೇಜಿನ ಮಂದ ಬೆಳಕಿನಲ್ಲಿ ಮನೆಗಳು ಕಾಣಲಿ ಅಂತ ಯಾರೋ ಇಟ್ಟಿದ್ದು. ನಾನು ಬೊಟ್ಟು ತೋರಿಸಿ ಕೇಳಿದೆ. ಅವರು ಕನ್ನಡಕ ಹಾಕಿಕೊಂಡು ನೋಡಿ, "ಅಮ್ಮನ ನೇಲ್ ಪಾಲಿಶು" ಅಂದರು. (ನೇಲ್ ಪಾಲಿಶ್ ಕೂಡ ನೈಟ್ರೋಸೆಲ್ಯುಲೋಸೇ, ಡ್ಯೂಕೋದ ತಂಗಿ.)

ನೆಕ್ ಸರಿ ಮಾಡಿದೆ, ಎದ್ದಿದ್ದ ನಾಲ್ಕು ಫ್ರೆಟ್ ಕೂರಿಸಿ ಅರದಲ್ಲಿ ಸಮ ಮಾಡಿದೆ, ವೈರಿಂಗ್ ಪೂರ್ತಿ ಹೊಸದು, ಹೊಸ ತಂತಿ. ಬಣ್ಣ ಮುಟ್ಟಲಿಲ್ಲ. "ಮೂರು ತಿಂಗಳು ನುಡಿಸಲಿ ಮೇಡಂ. ಆಮೇಲೂ ಬಣ್ಣ ಬೇಕು ಅಂದರೆ ಹುಡುಗನನ್ನೇ ಕಳಿಸಿ, ಉಪ್ಪುಕಾಗದ ನಾನು ಕೊಡ್ತೀನಿ, ಅವನೇ ಉಜ್ಜಲಿ" ಅಂದೆ. ಅವರಿಗೆ ಅಷ್ಟೇನೂ ಖುಷಿಯಾಗಲಿಲ್ಲ, "ನೋಡೋಕೆ ಹಾಗೇ ಇದೆಯಲ್ಲ ಸರ್" ಅಂತಲೇ ತಗೊಂಡು ಹೋದರು. ಅವರದು ತಪ್ಪು ಅಂತ ಹೇಳಲಾರೆ. ಅಪ್ಪ ರಾತ್ರಿಯೆಲ್ಲ ಮನೆಗೆ ಬಾರದೆ ದುಡಿದ ಗುರುತನ್ನು ಒಬ್ಬ ಮಗಳು ಮುಚ್ಚಿಬಿಡಬೇಕು ಅಂದುಕೊಳ್ಳೋದಕ್ಕೂ ಕಾರಣ ಇರಬಹುದು. ವಾದ್ಯ ಅವರದು. ಆದರೆ ನನ್ನ ಕೈಯಿಂದ ಆ ಬೊಟ್ಟುಗಳನ್ನ ಉಜ್ಜೋಕೆ ಆಗ್ತಿರಲಿಲ್ಲ. ಹುಡುಗ ಇನ್ನೂ ಬಂದಿಲ್ಲ.

ಹಾಗಂತ ಗೀರುಗಳಿಗೆ ಪೂಜೆ ಮಾಡೋ ಗುಂಪಿಗೂ ನಾನು ಸೇರಲ್ಲ. ಹೊಸ ಗಿಟಾರನ್ನು ಬೇಕಂತಲೇ ಸವೆಸಿ 'ರೆಲಿಕ್' ಅಂತ ಮಾರೋ ಪದ್ಧತಿಯನ್ನ 1990ರ ದಶಕದಲ್ಲಿ ಫೆಂಡರ್‌ನವರೇ ಜೋರಾಗಿ ಶುರು ಮಾಡಿದರು. ಯಾರೂ ನುಡಿಸದ ಬೇಸಿಗೆ ನುಡಿಸಿದ ಗುರುತು! ಹರಿದ ಜೀನ್ಸ್ ಜಾಸ್ತಿ ದುಡ್ಡು ಕೊಟ್ಟು ಕೊಳ್ಳೋ ಹಾಗೆ. ಇನ್ನು ಜಾಕೋ ಪಾಸ್ಟೋರಿಯಸ್ ತನ್ನ ಫ್ರೆಟ್ ಇಲ್ಲದ 1962ರ ಜಾಝ್ ಬೇಸಿನ ಫಿಂಗರ್‌ಬೋರ್ಡಿಗೆ ದೋಣಿಗೆ ಬಳಿಯೋ ಎಪಾಕ್ಸಿ ಬಳಿದಿದ್ದ. ಒರಟು ತಂತಿ ಬೀಟೆಯನ್ನ ತಿಂದುಹಾಕಬಾರದು ಅಂತ. ಅದಕ್ಕೆ ನನ್ನ ತಕರಾರಿಲ್ಲ, ಬಳಿಯೋದಕ್ಕೆ ಒಂದು ಕೆಲಸ ಇತ್ತು. ಮರ ಬರಿದಾಗಿ ಬೆವರು ಕುಡೀತಿದ್ದರೆ, ಯಾರೋ ಮೊದಲೇ ಕೆಟ್ಟದಾಗಿ ಮನೆ ಪೇಂಟ್ ಬಳಿದಿದ್ದರೆ, ಖಂಡಿತ ಕೆರೆಯಿರಿ. ಹೊರಗಡೆ ಗಾಳಿಯಲ್ಲಿ, ಮಾಸ್ಕ್ ಹಾಕಿಕೊಂಡು.

ಬಣ್ಣ ಬಳಿಯೋ ಆಸೆ ಇದ್ದವರು ಹೊಸದೊಂದು ಬಾಡಿ ಮಾಡಿ ಅದರ ಮೇಲೆ ತೀರಿಸಿಕೊಳ್ಳಿ ಅಂತೀನಿ ನಾನು. ಮರಕ್ಕೆ ನಮ್ಮಲ್ಲಿ ಬರವಿಲ್ಲ. ತೇಗ ಚೆನ್ನ, ಆದರೆ ಎಣ್ಣೆ ಮರ, ಅಂಟು ಹಾಕೋ ಮುಂಚೆ ಥಿನ್ನರ್‌ನಲ್ಲಿ ಒರೆಸಬೇಕು, ಭುಜಕ್ಕೂ ಭಾರ. ಕಾಫಿ ತೋಟಗಳಲ್ಲಿ ನೆರಳಿಗೆ ಬೆಳೆಸೋ ಸಿಲ್ವರ್ ಓಕ್ ಅಗ್ಗ, ಹಗುರ. ನಾನು ಈಗ ಹಿಡಿದಿರೋದು ಹಲಸು, ವೀಣೆಯ ಮರ. ಕೀಸುಳಿ ಹಾಕಿದಾಗ ಬರೋ ಆ ಹಳದಿ ನೋಡಿದ ಮೇಲೆ ಅದರ ಮೇಲೆ ಬಣ್ಣ ಬಳಿಯೋಕೆ ಮನಸ್ಸು ಬರ್ತಿಲ್ಲ. ಅರಗಿನ ಚಕ್ಕೆ ಸ್ಪಿರಿಟ್ಟಿನಲ್ಲಿ ಕರಗಿಸಿ, ಬಟ್ಟೆ ಉಂಡೆಯಲ್ಲಿ ತೆಳುವಾಗಿ ಫ್ರೆಂಚ್ ಪಾಲಿಶ್ ಕೊಡೋ ಯೋಚನೆ ಇದೆ. ಆದರೆ ಹೊರಗೆ ಜಡಿಮಳೆ. ಈ ಥಂಡಿಯಲ್ಲಿ ಹಚ್ಚಿದರೆ ತೇವ ಒಳಗೇ ಸಿಕ್ಕಿಕೊಂಡು ಬೆಳ್ಳಗೆ ಮಂಜು ಕವಿದ ಹಾಗಾಗುತ್ತೆ. ಹಾಗಾಗಿ ಬಾಡಿ ಸದ್ಯಕ್ಕೆ ಅಟ್ಟದ ಮೇಲೆ, ಹಳೇ ಪಂಚೆಯಲ್ಲಿ ಸುತ್ತಿಕೊಂಡು ಮಲಗಿದೆ. ದಸರಾ ಕಳೀಲಿ, ನೋಡೋಣ.