ಪಕ್ಕದ ಮನೆಯ ಮರದ ಕೊಂಬೆ ನಮ್ಮ ಅಂಗಳಕ್ಕೆ ಚಾಚಿದರೆ ಕಡಿಯಬಹುದೇ? ಅದರ ಹಣ್ಣು ಯಾರಿಗೆ ಸೇರುತ್ತದೆ?

ಸಾರಾಂಶ: "ನಮ್ಮ ಜಾಗಕ್ಕೆ ಬಂದ ಕೊಂಬೆ ನಮ್ಮದು, ಅದರ ಹಣ್ಣೂ ನಮ್ಮದು" ಎಂಬ ಮಾತು ಅರ್ಧ ಮಾತ್ರ ನಿಜ. ಗಡಿ ದಾಟಿ ಬಂದ ಕೊಂಬೆಯನ್ನು ಗಡಿಯವರೆಗೆ ಸವರುವ ಹಕ್ಕು ನಿಮಗಿದೆ. ಆದರೆ ಕೊಂಬೆಯ ಕಟ್ಟಿಗೆ, ಹಣ್ಣು ಮರದ ಮಾಲೀಕರದೇ. ಅವರ ಅಂಗಳಕ್ಕೆ ಕಾಲಿಡುವುದು, ಬುಡಕ್ಕೆ ವಿಷ ಹಾಕುವುದು, ಇಡೀ ಮರ ಬೋಳಿಸುವುದು ನಿಮ್ಮನ್ನೇ ಆರೋಪಿಯಾಗಿಸಬಹುದು.

ರಾಯಚೂರು ತಾಲ್ಲೂಕಿನ ಗಿಲ್ಲೆಸುಗೂರಿನಂತಹ ಊರಿನಲ್ಲಿ ಏಪ್ರಿಲ್ ತಿಂಗಳು ಹೇಗಿರುತ್ತದೆ ಎಂದು ಅಲ್ಲಿನವರಿಗೆ ಹೇಳಬೇಕಿಲ್ಲ. ಬಿಸಿಲು 40 ಡಿಗ್ರಿ ದಾಟುತ್ತದೆ, ಮನೆ ಮುಂದಿನ ಬೇವಿನ ನೆರಳೇ ಮಧ್ಯಾಹ್ನದ ಆಸರೆ. ನಮ್ಮ ಕಡೆ ಮರಕ್ಕೂ "ಗಿಡ" ಎಂದೇ ಹೇಳುವುದು. ಒಬ್ಬರಿಗೆ ನೆರಳು ಕೊಡುವ ಅದೇ ಬೇವಿನ ಗಿಡ ಪಕ್ಕದ ಮನೆಯವರಿಗೆ ತಲೆನೋವಾಗಿರುತ್ತದೆ. ಮಾಳಿಗೆ ತುಂಬ ಎಲೆ, ಮಳೆ ನೀರು ಹೋಗುವ ಕೊಳವೆ ಕಟ್ಟಿಕೊಳ್ಳುವುದು, ಮುಂಗಾರಿಗೆ ಮೊದಲಿನ ಬಿರುಗಾಳಿಗೆ ತಗಡಿನ ಮೇಲೆ ತೂಗಾಡುವ ದಪ್ಪ ಟೊಂಗೆ. ಮಾತಿಗೆ ಮಾತು ಬೆಳೆಯುವ ಹೊತ್ತಿಗೆ ಯಾರೋ ಒಬ್ಬರು ಮೊಬೈಲ್ ತೆಗೆದು "ನೋಡ್ರಿ, ಕಾನೂನು ಹೀಂಗದ" ಎಂದು ಒಂದು ಫಾರ್ವರ್ಡ್ ತೋರಿಸುತ್ತಾರೆ. ಅದನ್ನು ನಂಬಿ ಕೊಡಲಿ ಎತ್ತುವ ಮುನ್ನ ಕೆಲವು ವಿಷಯ ತಿಳಿದಿರಲಿ.

ಚಾಚಿದ ಕೊಂಬೆ ಕಡಿಯುವ ಹಕ್ಕು ಇದೆಯೇ?

ಇದೆ, ಆದರೆ ಅದಕ್ಕೆ ಮಿತಿಯೂ ಇದೆ. ನಿಮ್ಮ ಜಾಗದ ಮೇಲಿನ ಗಾಳಿಯೂ ಒಂದು ಎತ್ತರದವರೆಗೆ ನಿಮ್ಮ ಸ್ವತ್ತಿನ ಭಾಗವೇ. ಅಲ್ಲಿಗೆ ನುಗ್ಗಿದ ಕೊಂಬೆಯನ್ನು ಕಾನೂನು "ಉಪದ್ರವ" ಎಂದು ನೋಡುತ್ತದೆ. ಅದನ್ನು ನೀವೇ ತೆಗೆದುಹಾಕಬಹುದು ಎಂಬುದನ್ನು ಬ್ರಿಟನ್ನಿನ ಹೌಸ್ ಆಫ್ ಲಾರ್ಡ್ಸ್ 1894ರಲ್ಲಿ "ಲೆಮನ್ ವಿರುದ್ಧ ವೆಬ್" ಪ್ರಕರಣದಲ್ಲಿ ಎತ್ತಿಹಿಡಿಯಿತು. ಭಾರತದ ನ್ಯಾಯಾಲಯಗಳೂ ಇದೇ ತತ್ವವನ್ನು ಅನುಸರಿಸುತ್ತ ಬಂದಿವೆ. "ಇಪ್ಪತ್ತು ವರ್ಷದಿಂದ ಹೀಗೇ ಚಾಚಿದೆ, ಈಗ ಕೇಳಲು ಬಂದಿರಾ?" ಎಂಬ ವಾದವೂ ನಿಲ್ಲುವುದಿಲ್ಲ. ಎಷ್ಟು ವರ್ಷ ಚಾಚಿಕೊಂಡಿದ್ದರೂ ಪಕ್ಕದವರ ಜಾಗದ ಮೇಲೆ ಕೊಂಬೆಗೆ ಹಕ್ಕು ಹುಟ್ಟುವುದಿಲ್ಲ.

ಈಗ ಮಿತಿಗಳನ್ನು ನೋಡೋಣ. ಮೊದಲನೆಯದು, ಕತ್ತರಿ ಗಡಿಯ ಗೆರೆಯಲ್ಲೇ ನಿಲ್ಲಬೇಕು. ಅದರಾಚೆಗಿನ ಒಂದು ಗೇಣು ಕಡಿದರೂ ಅದು ಬೇರೆಯವರ ಸ್ವತ್ತಿಗೆ ಮಾಡಿದ ಹಾನಿ. ಎರಡನೆಯದು, ನಿಮ್ಮ ಜಾಗದಲ್ಲಿ ನಿಂತೇ ಕಡಿಯಬೇಕು. ಏಣಿ ಇಡಲು ಅವರ ಅಂಗಳ ಬೇಕಿದ್ದರೆ ಅವರ ಒಪ್ಪಿಗೆಯೂ ಬೇಕು. ಮೂರನೆಯದು, ಗಡಿ ದಾಟಿರುವುದು ಕೊಂಬೆಯಾಗಿರಬೇಕು. ನೆರಳು ಬಿದ್ದ ಮಾತ್ರಕ್ಕೆ ಕಡಿಯುವ ಹಕ್ಕು ಬರುವುದಿಲ್ಲ. ಹೊಲದ ಬದುವಿನ ಮರದ ನೆರಳಿಗೆ ಹತ್ತಿ, ಮೆಣಸಿನಕಾಯಿ ಸರಿಯಾಗಿ ಬೆಳೆಯುವುದಿಲ್ಲ ಎಂಬ ರೈತರ ದೂರು ನಿಜವೇ. ಆದರೂ ಅದಕ್ಕೆ ದಾರಿ ಮಾತುಕತೆಯೇ ಹೊರತು ಕೊಡಲಿಯಲ್ಲ.

ಮರದ ಬೊಡ್ಡೆಯೇ ಗಡಿಯ ಮೇಲೆ ನಿಂತಿದ್ದರೆ? ಸಾಮಾನ್ಯವಾಗಿ ಅದು ಇಬ್ಬರ ಜಂಟಿ ಸ್ವತ್ತು. ಒಬ್ಬರೇ ನಿರ್ಧಾರ ಮಾಡಿ ಉರುಳಿಸುವಂತಿಲ್ಲ.

ನಮ್ಮ ಅಂಗಳಕ್ಕೆ ಬಿದ್ದ ಹಣ್ಣು ನಮ್ಮದಲ್ಲವೇ?

ಭಾರತದಲ್ಲಿ ಅಲ್ಲ. ಮರ ಯಾರದೋ ಹಣ್ಣು ಅವರದು, ಅದು ಯಾರ ಗಾಳಿಯಲ್ಲಿ ತೂಗುತ್ತಿದ್ದರೂ ಸರಿ. 1919ರಲ್ಲಿ ಇಂಗ್ಲೆಂಡಿನಲ್ಲಿ "ಮಿಲ್ಸ್ ವಿರುದ್ಧ ಬ್ರೂಕರ್" ಎಂಬ ಪ್ರಕರಣ ನಡೆಯಿತು. ತನ್ನ ಜಾಗಕ್ಕೆ ಚಾಚಿದ್ದ ಪಕ್ಕದವರ ಮರದ ಸೇಬನ್ನು ಒಬ್ಬ ಕಿತ್ತು ಮಾರಿದ್ದ. ಕೊಂಬೆ ಕಡಿಯುವ ಹಕ್ಕಿದೆ, ಹಣ್ಣು ಇಟ್ಟುಕೊಳ್ಳುವ ಹಕ್ಕಿಲ್ಲ ಎಂದು ನ್ಯಾಯಾಲಯ ಹೇಳಿತು. ನೀವು ಸವರಿದ ಕೊಂಬೆಯ ಕಟ್ಟಿಗೆಗೂ ಇದೇ ನಿಯಮ.

ನಮ್ಮ ಭಾರತೀಯ ನ್ಯಾಯ ಸಂಹಿತೆಯ 303ನೇ ಕಲಮು ಇದನ್ನು ಇನ್ನಷ್ಟು ಸ್ಪಷ್ಟಗೊಳಿಸುತ್ತದೆ. ಮರದಲ್ಲಿ ಅಂಟಿಕೊಂಡಿರುವವರೆಗೆ ಹಣ್ಣನ್ನು "ಕದಿಯಲು" ಆಗುವುದಿಲ್ಲ. ನೆಲಕ್ಕೆ ಅಂಟಿರುವುದರಿಂದ ಬೇರ್ಪಡಿಸಿದ ಕ್ಷಣಕ್ಕೆ ಅದು ಚರ ಸ್ವತ್ತಾಗುತ್ತದೆ. ಆಗ ಅಪ್ರಾಮಾಣಿಕ ಉದ್ದೇಶದಿಂದ ಒಯ್ದರೆ ಕಳ್ಳತನದ ಪ್ರಶ್ನೆ ಏಳುತ್ತದೆ. ಅಂಗಳಕ್ಕೆ ಬಿದ್ದ ನಾಲ್ಕು ಹುಣಸೆಕಾಯಿಗೆ ಯಾರೂ ಠಾಣೆ ಹತ್ತುವುದಿಲ್ಲ, ನಿಜ. ಆದರೆ ಜಗಳ ಬೇರೆ ಕಾರಣಕ್ಕೆ ಶುರುವಾದಾಗ ಇದೇ ದೂರಿನ ಮೊದಲ ಸಾಲಾಗುತ್ತದೆ.

ಹಾಗಾದರೆ "ಬಿದ್ದ ಹಣ್ಣು ನಿಮ್ಮದೇ" ಎಂಬ ಮಾತಿಗೆ ಆಧಾರವೇ ಇಲ್ಲವೇ? ಇದೆ, ಬೇರೆ ದೇಶಗಳಲ್ಲಿ. ಜರ್ಮನಿಯ ನಾಗರಿಕ ಸಂಹಿತೆಯ 911ನೇ ವಿಧಿಯಂತೆ ಪಕ್ಕದ ಜಾಗಕ್ಕೆ ತಾನಾಗಿ ಬಿದ್ದ ಹಣ್ಣು ಆ ಜಾಗದವರದು. ಫ್ರಾನ್ಸ್‌ನ ನಾಗರಿಕ ಸಂಹಿತೆಯ 673ನೇ ವಿಧಿಯೂ ಹಾಗೇ ಹೇಳುತ್ತದೆ. ಆದರೆ ಅದೇ ವಿಧಿ ಚಾಚಿದ ಕೊಂಬೆಯನ್ನು ನೀವೇ ಕಡಿಯಬಾರದು, ಮಾಲೀಕರಿಂದ ಕಡಿಸಬೇಕು ಎನ್ನುತ್ತದೆ. ಒಂದೊಂದು ದೇಶಕ್ಕೆ ಒಂದೊಂದು ನಿಯಮ. ಎಲ್ಲಿಯದು ಎಂದು ಹೇಳದ ಕಾನೂನು ಸಲಹೆ ನಿಮ್ಮ ಊರಿಗೆ ಅನ್ವಯಿಸುತ್ತದೆ ಎಂದುಕೊಳ್ಳಬೇಡಿ.

ಒಂದು ಮರ ಕಡಿದರೆ ಒಂದು ಲಕ್ಷ ದಂಡವೇ?

ಈ ಮಾತಿನ ಹಿಂದೆ ನಿಜವಾದ ಆದೇಶವೊಂದಿದೆ, ಆದರೆ ಅದರ ಸಂದರ್ಭ ಬೇರೆ. ಮಥುರಾ-ವೃಂದಾವನ ಭಾಗದಲ್ಲಿ ಅನುಮತಿಯಿಲ್ಲದೆ 454 ಮರ ಕಡಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2025ರ ಮಾರ್ಚ್‌ನಲ್ಲಿ ಮರವೊಂದಕ್ಕೆ 1 ಲಕ್ಷ ರೂಪಾಯಿ ದಂಡಕ್ಕೆ ಒಪ್ಪಿಗೆ ನೀಡಿತು. ಅದು ತಾಜ್ ಮಹಲ್ ರಕ್ಷಣೆಗೆಂದು ಗುರುತಿಸಿದ ವಿಶೇಷ ವಲಯ. ನಿಮ್ಮ ಮಾಳಿಗೆಯ ಮೇಲಿನ ಟೊಂಗೆಗೆ ಆ ದಂಡ ಅನ್ವಯಿಸುವುದಿಲ್ಲ.

ಹಾಗೆಂದು ನಮ್ಮಲ್ಲಿ ಕಾನೂನೇ ಇಲ್ಲ ಎಂದಲ್ಲ. ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ 1976ರಲ್ಲೇ ಬಂದಿದೆ. ಅದರ ಪ್ರಕಾರ ಮರ ಕಡಿಯಲು ವೃಕ್ಷ ಅಧಿಕಾರಿಯ ಪೂರ್ವಾನುಮತಿ ಬೇಕು. ಕಡಿಯುವುದು ಎಂದರೆ ಬುಡಸಮೇತ ಉರುಳಿಸುವುದು ಮಾತ್ರವಲ್ಲ. ಸುಡುವುದು, ಮರಕ್ಕೆ ಹಾನಿ ಮಾಡುವುದೂ ಅದರಲ್ಲಿ ಸೇರುತ್ತದೆ. ತೆಂಗು, ನೀಲಗಿರಿ, ಸರ್ವೆ, ಸುಬಾಬುಲ್‌ನಂತಹ ಕೆಲವು ಜಾತಿಗಳಿಗೆ ವಿನಾಯಿತಿ ಇದೆ, ಮತ್ತು ಈ ಪಟ್ಟಿ ಕಾಲಕಾಲಕ್ಕೆ ಬದಲಾಗಿದೆ. ಶ್ರೀಗಂಧಕ್ಕೆ ಪ್ರತ್ಯೇಕ ನಿಯಮಗಳಿವೆ. ಮರ ಒಣಗಿದ್ದರೆ, ರೋಗ ಹಿಡಿದಿದ್ದರೆ ಅಥವಾ ಜೀವಕ್ಕೆ, ಆಸ್ತಿಗೆ ಅಪಾಯವಿದ್ದರೆ ಅನುಮತಿ ನಿರಾಕರಿಸುವಂತಿಲ್ಲ ಎಂದೂ ಕಾಯ್ದೆ ಹೇಳುತ್ತದೆ. ಹಾಗಾಗಿ ಬೆರಳು ದಪ್ಪದ ರೆಂಬೆ ಸವರುವುದಕ್ಕಿಂತ ದೊಡ್ಡ ಕೆಲಸವಿದ್ದರೆ ನಿಮ್ಮ ಊರಿಗೂ ಆ ಜಾತಿಯ ಮರಕ್ಕೂ ನಿಯಮ ಹೇಗಿದೆ ಎಂದು ವಲಯ ಅರಣ್ಯಾಧಿಕಾರಿ ಕಚೇರಿಯಲ್ಲಿ ಮೊದಲು ಕೇಳಿಕೊಳ್ಳಿ.

ಬುಡಕ್ಕೆ ಇಂಗು, ಆಸಿಡ್ ಹಾಕಿದರೆ ಸಮಸ್ಯೆ ಮುಗಿಯುತ್ತದೆಯೇ?

ಬೊಡ್ಡೆಗೆ ತೂತು ಕೊರೆದು ಇಂಗು ತುಂಬಿದರೆ ಮರ ಸದ್ದಿಲ್ಲದೆ ಒಣಗುತ್ತದೆ ಎಂಬುದು ಹಳೆಯ ಮಾತು. ಈಗ ಇಂಗಿನ ಜಾಗಕ್ಕೆ ಆಸಿಡ್, ಕಳೆನಾಶಕ ಬಂದಿವೆ. ಇಂಗು ಕೆಲಸ ಮಾಡಲಿ ಬಿಡಲಿ, ಬೇರೆಯವರ ಮರಕ್ಕೆ ಹೀಗೆ ಮಾಡುವುದು ಅಪರಾಧ. ಅದಕ್ಕಿಂತ ದೊಡ್ಡ ಅಪಾಯ ಬೇರೆ ಇದೆ. ಜೀವಂತ ಮರ ಗಾಳಿಗೆ ಬಾಗುತ್ತದೆ, ಸತ್ತ ಮರ ಮುರಿಯುತ್ತದೆ. ಒಣಗಿದ ಬೇರು ಕೊಳೆತು ಹಿಡಿತ ಬಿಡುತ್ತದೆ. ನಿಮ್ಮ ಕಡೆಗೆ ವಾಲಿದ ಮರವನ್ನು ಸಾಯಿಸಿದರೆ ಅದು ಬೀಳುವುದು ಹೆಚ್ಚಾಗಿ ನಿಮ್ಮ ಮಾಳಿಗೆಯ ಮೇಲೆಯೇ.

ಸಿಟ್ಟಿನಲ್ಲಿ ತುದಿ ಬೋಳಿಸುವುದೂ ಹೀಗೆಯೇ ತಿರುಗಿ ಬಡಿಯುತ್ತದೆ. ತಲೆ ಕಡಿದ ಮರ ಗಾಯದ ಸುತ್ತ ಹತ್ತಾರು ಚಿಗುರು ಒಡೆಯುತ್ತದೆ. ಈ ಚಿಗುರುಗಳು ಮರದ ಒಳಗಿನಿಂದ ಗಟ್ಟಿಯಾಗಿ ಬೆಳೆದವಲ್ಲ, ಮೇಲ್ಮೈಗೆ ಅಂಟಿಕೊಂಡಂತೆ ಬೆಳೆದವು. ನಾಲ್ಕೈದು ವರ್ಷದಲ್ಲಿ ದಪ್ಪವಾಗಿ, ಗಾಳಿಗೆ ಮೊದಲು ಮುರಿಯುವುದೂ ಅವೇ.

ಅಮೆರಿಕದ ಅರಣ್ಯ ಸೇವೆಯ ವಿಜ್ಞಾನಿ ಅಲೆಕ್ಸ್ ಶಿಗೊ ಸಾವಿರಾರು ಮರಗಳನ್ನು ಸೀಳಿ ಗಾಯಗಳನ್ನು ಅಧ್ಯಯನ ಮಾಡಿದರು. ನಮ್ಮ ಚರ್ಮದಂತೆ ಮರದ ಗಾಯ ಮಾಯುವುದಿಲ್ಲ. ಮರ ಗಾಯದ ಸುತ್ತ ಒಳಗೋಡೆ ಕಟ್ಟಿ ಕೊಳೆತವನ್ನು ಅಲ್ಲೇ ತಡೆಯುತ್ತದೆ ಎಂದು ಅವರು ತೋರಿಸಿದರು. ಕೊಂಬೆ ಬೊಡ್ಡೆಗೆ ಸೇರುವಲ್ಲಿ ಉಬ್ಬಿದ ಉಂಗುರದಂತಹ ಭಾಗವಿರುತ್ತದೆ. ಮಾಲೀಕರೇ ಕಡಿಸುವುದಾದರೆ ಆ ಉಬ್ಬನ್ನು ಉಳಿಸಿ ಅದರ ಹೊರಗೆ ಕತ್ತರಿಸುವುದು ಒಳ್ಳೆಯದು. ದಪ್ಪ ಕೊಂಬೆಗೆ ಮೊದಲು ಕೆಳಗಿನಿಂದ ಅರ್ಧ ಗರಗಸ ಹಾಕಬೇಕು, ಆಗ ತೊಗಟೆ ಸೀಳುವುದಿಲ್ಲ. ಒಂದು ಸಲಕ್ಕೆ ಹಸಿರಿನ ಕಾಲು ಭಾಗಕ್ಕಿಂತ ಹೆಚ್ಚು ತೆಗೆಯಬಾರದು. ಡಾಂಬರು, ಬಣ್ಣ ಬಳಿಯುವುದರಿಂದ ಗಾಯ ಬೇಗ ಮುಚ್ಚುತ್ತದೆ ಎಂಬುದೂ ತಪ್ಪು ನಂಬಿಕೆ.

ಗೋಡೆ ಬಿರುಕಿಗೆ ಪಕ್ಕದವರ ಬೇರೇ ಕಾರಣವೇ?

ಯಾವಾಗಲೂ ಅಲ್ಲ. ರಾಯಚೂರು, ಮಾನ್ವಿ, ದೇವದುರ್ಗ ಭಾಗದಲ್ಲಿ ಎರೆಮಣ್ಣು ಬಹಳ. ಮಳೆಗೆ ಅದು ಉಬ್ಬುತ್ತದೆ, ಬೇಸಿಗೆಗೆ ಕುಗ್ಗಿ ಬಿರಿಯುತ್ತದೆ. ಅಡಿಪಾಯ ಆಳವಿಲ್ಲದಿದ್ದರೆ ಒಂದು ಮರವೂ ಇಲ್ಲದ ಕಡೆಯೂ ಗೋಡೆ ಸೀಳುತ್ತದೆ. ದೊಡ್ಡ ಮರ ಮಣ್ಣಿನ ನೀರು ಹೀರುವುದರಿಂದ ಈ ಕುಗ್ಗುವಿಕೆ ಹೆಚ್ಚಾಗಬಹುದು, ಹಾಗಾಗಿ ಮರದ ಪಾತ್ರ ಇಲ್ಲವೇ ಇಲ್ಲ ಎನ್ನುವಂತೆಯೂ ಇಲ್ಲ. ಪರಿಹಾರ ಕೇಳುವುದಾದರೆ ಮರದಿಂದಲೇ ಹಾನಿಯಾಗಿದೆ ಎಂದು ತೋರಿಸುವ ಹೊಣೆ ನಿಮ್ಮದು. ಇಂಜಿನಿಯರ್ ಒಬ್ಬರಿಗೆ ತೋರಿಸದೆ ಆರೋಪ ಮಾಡಬೇಡಿ.

ಕೊಂಬೆ ಬಿದ್ದು ತಗಡು ಒಡೆದರೆ ಖರ್ಚು ಯಾರು ಕೊಡಬೇಕು?

ಇದು ಹೆಚ್ಚಿನವರಿಗೆ ಗೊತ್ತಿಲ್ಲದ ಭಾಗ. ಮರ ಅವರದು ಎಂದ ಮಾತ್ರಕ್ಕೆ ಹಾನಿಯ ಹೊಣೆ ತಾನಾಗಿ ಅವರ ಮೇಲೆ ಬರುವುದಿಲ್ಲ. ಮೇಲ್ನೋಟಕ್ಕೆ ಗಟ್ಟಿಯಾಗಿದ್ದ ಕೊಂಬೆ ಒಳಗಿನ ಕಾಣದ ದೋಷದಿಂದ ಮುರಿದರೆ ಮಾಲೀಕರನ್ನು ಹೊಣೆ ಮಾಡಲಾಗದು ಎಂದು 1926ರ "ನೋಬಲ್ ವಿರುದ್ಧ ಹ್ಯಾರಿಸನ್" ಪ್ರಕರಣದಲ್ಲಿ ತೀರ್ಮಾನವಾಗಿತ್ತು. ಅಪಾಯ ಗೊತ್ತಿದ್ದೂ, ಅಥವಾ ಗೊತ್ತಾಗಬೇಕಿದ್ದೂ, ಸುಮ್ಮನಿದ್ದರೆ ಆಗ ಅದು ನಿರ್ಲಕ್ಷ್ಯ.

ಹೀಗಾಗಿ ನಿಮ್ಮ ಕೈಯಲ್ಲಿರುವ ಅತ್ಯಂತ ಉಪಯೋಗದ ಸಾಧನ ಒಂದು ಕಾಗದ. ಕೊಂಬೆ ಒಣಗಿದೆ, ಬಿರುಕು ಬಿಟ್ಟಿದೆ ಎಂದು ದಿನಾಂಕ ಹಾಕಿ, ಫೋಟೊ ಇಟ್ಟು ಬರೆದು ಕೊಡಿ. ವಾಟ್ಸಾಪ್ ಸಂದೇಶವಾದರೂ ಇರಲಿ. ಅದಾದ ಮೇಲೆ "ನಮಗೆ ಗೊತ್ತಿರಲಿಲ್ಲ" ಎನ್ನಲು ಅವರಿಗೆ ಆಗುವುದಿಲ್ಲ.

ಯಾರ ಬಳಿ ಹೋಗಬೇಕು?

ಮೊದಲು ಮರದವರ ಬಳಿಯೇ. ಜಗಳದ ದಿನ ಬೇಡ, ಗಾಳಿಮಳೆಗೆ ಎರಡು ತಿಂಗಳು ಇರುವಾಗಲೇ ಹೋಗಿ. "ಅಣ್ಣಾ, ನಿಮ್ಮ ಬೇವಿನ ಗಿಡದ ಟೊಂಗಿ ನಮ್ಮ ತಗಡಿನ ಮ್ಯಾಲೆ ಬಾಗಿ ನಿಂತದ. ಗಾಳಿಗೆ ಮೊದ್ಲು ಇಬ್ರೂ ನಿಂತು ಕಡಿಸೋಣೇನ್ರಿ? ಕಟ್ಟಿಗಿ ನಿಮ್ಮದ, ಕೂಲಿ ಅರ್ಧ ನಾವು ಕೊಡ್ತೀವಿ" ಎನ್ನುವುದರಲ್ಲಿ ಸೋಲೇನೂ ಇಲ್ಲ. ಕೋರ್ಟಿಗೆ ಒಂದು ಸಲ ಹೋಗಿ ಬರುವ ಖರ್ಚು ಆ ಕೂಲಿಗಿಂತ ಹೆಚ್ಚು.

ಗಡಿ ಎಲ್ಲಿ ಎಂಬುದೇ ತಕರಾರಾದರೆ ಹೊಲಕ್ಕೆ ಹದ್ದುಬಸ್ತು ಅರ್ಜಿ ಹಾಕಿ ಅಳತೆ ಮಾಡಿಸಿ. ಊರೊಳಗಿನ ಮನೆ ಜಾಗಕ್ಕೆ ಗ್ರಾಮ ಪಂಚಾಯಿತಿಯ ಇ-ಸ್ವತ್ತು ದಾಖಲೆ ನೋಡಿ.

ಕೊಂಬೆ ಕರೆಂಟಿನ ತಂತಿಗೆ ತಾಗುತ್ತಿದ್ದರೆ ನೀವೂ ಕೈ ಹಾಕಬೇಡಿ, ಅವರೂ ಹಾಕಬಾರದು. ಹಸಿ ಕೊಂಬೆಯಲ್ಲಿ ವಿದ್ಯುತ್ ಹರಿಯುತ್ತದೆ. ಜೆಸ್ಕಾಂನ 1912ಕ್ಕೆ ಕರೆ ಮಾಡಿ, ಲೈನ್ ಬಂದ್ ಮಾಡಿಸಿಯೇ ಕಡಿಸಬೇಕು.

ಮರವೇ ಬೀಳುವ ಸ್ಥಿತಿಯಲ್ಲಿದ್ದು ಅಕ್ಕಪಕ್ಕದವರಿಗೆ, ದಾರಿಹೋಕರಿಗೆ ಅಪಾಯವಿದ್ದರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಕಲಮು ಇದೆ. ಅದರಡಿ ಜಿಲ್ಲಾಧಿಕಾರಿ, ಉಪವಿಭಾಗಾಧಿಕಾರಿ ಅಥವಾ ಅಧಿಕಾರ ಪಡೆದ ಕಾರ್ಯನಿರ್ವಾಹಕ ದಂಡಾಧಿಕಾರಿ ಮರವನ್ನು ತೆಗೆಸಲು ಇಲ್ಲವೇ ಆಧಾರ ಕೊಡಲು ಆದೇಶಿಸಬಹುದು. ಎದುರಿನವರಿಗೂ ತಮ್ಮ ಮಾತು ಹೇಳಲು ಅವಕಾಶವಿರುತ್ತದೆ. ಎಲೆ ಕಸದ ಜಗಳಕ್ಕೆ ಈ ಕಲಮು ಅಲ್ಲ.

ಮಾತುಕತೆ ಮುರಿದರೆ ಕಾನೂನು ಸೇವಾ ಪ್ರಾಧಿಕಾರದ 15100ಕ್ಕೆ ಕರೆ ಮಾಡಿ. ಮಹಿಳೆಯರು, ಪರಿಶಿಷ್ಟ ಜಾತಿ-ಪಂಗಡದವರು, ಅಂಗವಿಕಲರಿಗೆ ಆದಾಯದ ಮಿತಿಯಿಲ್ಲದೆ ಉಚಿತ ನೆರವಿದೆ. ಲೋಕ ಅದಾಲತ್‌ನಲ್ಲಿ ಇಬ್ಬರೂ ಒಪ್ಪಿ ಆದ ರಾಜಿ ಸಿವಿಲ್ ಕೋರ್ಟಿನ ಡಿಕ್ರಿಗೆ ಸಮ, ಅದರ ಮೇಲೆ ಮೇಲ್ಮನವಿ ಇಲ್ಲ. ಕೊನೆಯ ದಾರಿ ಸಿವಿಲ್ ನ್ಯಾಯಾಲಯದಲ್ಲಿ ನಿರ್ಬಂಧಕಾಜ್ಞೆ ಕೇಳುವುದು.

ಕೊನೆಯದಾಗಿ

"ಕೊಂಬೆಯೂ ಹಣ್ಣೂ ನಿಮ್ಮದೇ" ಎಂಬ ಸಂದೇಶ ನಿಮಗೂ ಬಂದರೆ ಮುಂದೆ ಕಳಿಸುವ ಮುನ್ನ ಯಾವ ದೇಶದ, ಯಾವ ಕೋರ್ಟಿನ, ಯಾವ ವರ್ಷದ ಮಾತು ಎಂದು ನೋಡಿ. ಅದನ್ನು ಓದಿ ಒಬ್ಬರು ಕೊಡಲಿ ಎತ್ತಿದರೆ ಠಾಣೆಯಲ್ಲಿ ಕೂರುವವರು ಅವರು, ಫಾರ್ವರ್ಡ್ ಬರೆದವರಲ್ಲ. ಗಡಿಯವರೆಗೆ ಸವರುವ ಹಕ್ಕು ನಿಮ್ಮದು, ಮರ ಅವರದು, ಬೇಸಿಗೆಯ ನೆರಳು ಇಬ್ಬರಿಗೂ ಬೇಕಾದದ್ದು.