ಹಳೆ ಲ್ಯಾಪ್‌ಟಾಪ್‌ಗೆ ‘ಯಾವುದಾದರೂ ಒಂದು’ ಎಸ್‌ಎಸ್‌ಡಿ ಹಾಕಿದರೆ ಸಾಕೇ?

“ಹಳೆ ಲ್ಯಾಪ್‌ಟಾಪ್ ಗುಜರಿಗೆ ಹಾಕಬೇಡಿ, ಯಾವುದಾದರೂ ಒಂದು ಎಸ್‌ಎಸ್‌ಡಿ ಹಾಕಿಸಿ, ಹೊಸದರ ಹಾಗೆ ಓಡುತ್ತೆ” ಎನ್ನುವ ಮಾತು ವಾಟ್ಸಾಪ್ ಗುಂಪುಗಳಲ್ಲಿ ಆಗಾಗ ಬರುತ್ತದೆ. ನೀವೂ ಫಾರ್ವರ್ಡ್ ಮಾಡಿರಬಹುದು. ಮಾತು ಪೂರ್ತಿ ಸುಳ್ಳಲ್ಲ. ತೊಂದರೆ ಇರುವುದು ‘ಯಾವುದಾದರೂ’ ಎನ್ನುವ ಪದದಲ್ಲಿ.

ಹಳೆ ಹಾರ್ಡ್ ಡಿಸ್ಕ್‌ನೊಳಗೆ ತಟ್ಟೆಗಳು ತಿರುಗುತ್ತವೆ. ಲ್ಯಾಪ್‌ಟಾಪ್‌ಗಳಲ್ಲಿ ಸಾಮಾನ್ಯವಾಗಿ ನಿಮಿಷಕ್ಕೆ 5400 ಸುತ್ತು, ಅಂದರೆ ಒಂದು ಸುತ್ತಿಗೆ ಸುಮಾರು 11 ಮಿಲಿಸೆಕೆಂಡ್. ಬೇಕಾದ ಮಾಹಿತಿ ಇರುವ ಜಾಗ ತಿರುಗಿ ಬರುವವರೆಗೆ ಕಂಪ್ಯೂಟರ್ ಕಾಯಬೇಕು. ವಿಂಡೋಸ್ ಶುರುವಾಗುವಾಗ ಸಾವಿರಾರು ಚಿಕ್ಕ ಫೈಲುಗಳನ್ನು ಹೀಗೆ ಹುಡುಕುತ್ತದೆ. ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವೇ ಇಲ್ಲ, ಎಲ್ಲವೂ ಚಿಪ್‌ಗಳಲ್ಲಿ. ಹಾಗಾಗಿ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ.

ಆದರೆ ನಿಮ್ಮದರಲ್ಲಿ ಈಗಾಗಲೇ ಎಸ್‌ಎಸ್‌ಡಿ ಇದ್ದರೆ? ಟಾಸ್ಕ್ ಮ್ಯಾನೇಜರ್ ತೆರೆದು ‘ಪರ್ಫಾರ್ಮೆನ್ಸ್’ ಭಾಗ ನೋಡಿ. ಡಿಸ್ಕ್ ಪಕ್ಕ ಎಚ್‌ಡಿಡಿ ಅಂತಿದ್ದು, ಬಳಕೆ ಸದಾ 100% ತೋರಿಸುತ್ತಿದ್ದರೆ ಬದಲಾಯಿಸಿದರೆ ಲಾಭವಿದೆ. ಮೆಮೊರಿ ತುಂಬಿ ಕುಳಿತಿದ್ದರೆ ಮೊದಲು ಬೇಕಿರುವುದು ರ್‍ಯಾಮ್.

ಇನ್ನು ಹೊಂದಾಣಿಕೆಯ ವಿಷಯ. ಹಳೆಯ ಲ್ಯಾಪ್‌ಟಾಪ್‌ಗಳಲ್ಲಿ ಹೆಚ್ಚಾಗಿ 2.5 ಇಂಚಿನ ಸಾಟಾ ಡಿಸ್ಕ್ ಇರುತ್ತದೆ. ಅದೇ ಅಳತೆಯ ಸಾಟಾ ಎಸ್‌ಎಸ್‌ಡಿ ಅದೇ ಜಾಗದಲ್ಲಿ ಕೂರುತ್ತದೆ, ದೊಡ್ಡ ತಲೆನೋವಿಲ್ಲ. ಹೊಸವುಗಳಲ್ಲಿ ಇರುವುದು ಚೂಯಿಂಗ್ ಗಮ್ ಪಟ್ಟಿಯಂಥ ಎಂ.2. ಗೊಂದಲ ಹುಟ್ಟುವುದು ಇಲ್ಲೇ. ಎಂ.2 ಎನ್ನುವುದು ಆಕಾರದ ಹೆಸರು ಮಾತ್ರ. ಅದೇ ಆಕಾರದಲ್ಲಿ ಸಾಟಾ ಕೂಡ ಸಿಗುತ್ತದೆ, ಎನ್‌ವಿಎಂಇ ಕೂಡ ಸಿಗುತ್ತದೆ. ಎರಡರ ಭಾಷೆಯೇ ಬೇರೆ.

ನಾವೂ ಇದರಲ್ಲಿ ಎಡವಿದವರೇ. ನಮ್ಮ ತಂಡದ ಒಂದು ಲ್ಯಾಪ್‌ಟಾಪ್‌ಗೆ ‘ಎಂ.2’ ಅಂತಷ್ಟೇ ಕೇಳಿ ಒಂದು ಎಸ್‌ಎಸ್‌ಡಿ ತಂದೆವು. ಸ್ಲಾಟ್‌ನಲ್ಲಿ ಸರಿಯಾಗಿ ಕೂತಿತು, ಸ್ಕ್ರೂ ಕೂಡ ಬಿತ್ತು. ಆನ್ ಮಾಡಿದರೆ ಬಯೋಸ್‌ನಲ್ಲಿ ಡ್ರೈವ್ ಕಾಣಿಸಲೇ ಇಲ್ಲ. ಸ್ಲಾಟ್ ಎನ್‌ವಿಎಂಇಗೆ ಮಾತ್ರ, ತಂದಿದ್ದು ಸಾಟಾ. ಪ್ಯಾಕ್ ಒಡೆದಿದ್ದರಿಂದ ಅಂಗಡಿಯವರು ವಾಪಸ್ ತೆಗೆದುಕೊಳ್ಳಲಿಲ್ಲ. ಕನೆಕ್ಟರ್‌ನಲ್ಲಿ ಎರಡು ಕಚ್ಚು ಇದ್ದರೆ ಅದು ಹೆಚ್ಚಾಗಿ ಸಾಟಾ, ಒಂದೇ ಇದ್ದರೆ ಹೆಚ್ಚಾಗಿ ಎನ್‌ವಿಎಂಇ. ಇದು ಅಂದಾಜಿಗೆ ಮಾತ್ರ. ಲೇಬಲ್ ಓದುವುದೇ ಸರಿ.

ಉದ್ದವನ್ನೂ ನೋಡಿ. 2280 ಅಂದರೆ 22 ಮಿ.ಮೀ. ಅಗಲ, 80 ಮಿ.ಮೀ. ಉದ್ದ. 2242, 2230 ಗಿಡ್ಡವು. ಗಿಡ್ಡ ಜಾಗಕ್ಕೆ ಉದ್ದದ್ದು ಹಿಡಿಸುವುದಿಲ್ಲ. ಎಂ1 ಮತ್ತು ನಂತರದ ಮ್ಯಾಕ್‌ಬುಕ್‌ಗಳಲ್ಲಿ, ಇಎಂಎಂಸಿ ಇರುವ ಅಗ್ಗದ ಲ್ಯಾಪ್‌ಟಾಪ್‌ಗಳಲ್ಲಿ ಸ್ಟೋರೇಜ್ ಬೋರ್ಡಿಗೇ ಬೆಸುಗೆಯಾಗಿರುತ್ತದೆ. ಬೆಂಗಳೂರಿನ ಎಸ್‌.ಪಿ. ರೋಡಿಗೆ ಹೊರಡುವ ಮೊದಲು ಲ್ಯಾಪ್‌ಟಾಪ್ ತಳದಲ್ಲಿರುವ ಮಾಡೆಲ್ ಸಂಖ್ಯೆ ಬರೆದುಕೊಂಡು, ಕಂಪನಿಯ ವೆಬ್‌ಸೈಟಿನಲ್ಲಿ ಅದರ ಸರ್ವಿಸ್ ಮ್ಯಾನುಯಲ್ ನೋಡಿ. ಬೇಸರದ ಕೆಲಸ, ಆದರೆ ಹತ್ತು ನಿಮಿಷದ್ದು.

ಡಬ್ಬದ ಮೇಲಿನ ‘7000 ಎಂಬಿ’ ವೇಗಕ್ಕೆ ಮರುಳಾಗಬೇಡಿ. ಪಿಸಿಐಇ 4ನೇ ತಲೆಮಾರಿನ ಎಸ್‌ಎಸ್‌ಡಿ 3ನೇ ತಲೆಮಾರಿನ ಸ್ಲಾಟ್‌ನಲ್ಲೂ ಓಡುತ್ತದೆ, ಆದರೆ ಸೆಕೆಂಡಿಗೆ ಸುಮಾರು 3500 ಎಂಬಿ ದಾಟುವುದಿಲ್ಲ. ಸಾಟಾ 550ರ ಆಸುಪಾಸಿನಲ್ಲೇ ನಿಲ್ಲುತ್ತದೆ. ವರ್ಡ್, ಬ್ರೌಸರ್, ಆನ್‌ಲೈನ್ ಕ್ಲಾಸ್ ಮಾಡುವವರಿಗೆ ಅದೂ ಧಾರಾಳ.

“1 ಟಿಬಿ ಅಂತ ಹೇಳಿ 931 ಜಿಬಿ ಕೊಟ್ಟು ಮೋಸ ಮಾಡಿದರು” ಎನ್ನುವುದು ಮತ್ತೊಂದು ದೂರು. ಇದು ಮೋಸವಲ್ಲ. ಕಂಪನಿ 1000ದ ಲೆಕ್ಕದಲ್ಲಿ ಎಣಿಸುತ್ತದೆ, ವಿಂಡೋಸ್ 1024ರ ಲೆಕ್ಕದಲ್ಲಿ. ನಿಜವಾದ ಮೋಸ ಬೇರೆಯೇ ಇದೆ: ಸಾವಿರ ಚಿಲ್ಲರೆ ರೂಪಾಯಿಗೆ ಆನ್‌ಲೈನಿನಲ್ಲಿ ಸಿಗುವ ‘16 ಟಿಬಿ ಪೋರ್ಟಬಲ್ ಎಸ್‌ಎಸ್‌ಡಿ’. ಬಿಚ್ಚಿ ನೋಡಿದರೆ ಒಳಗೆ ಮೆಮೊರಿ ಕಾರ್ಡ್ ಇರುವುದುಂಟು. ಅದು 16 ಟಿಬಿ ಎಂದೇ ತೋರಿಸುವಂತೆ ತಂತ್ರಾಂಶ ತಿದ್ದಿರುತ್ತಾರೆ. ನಿಜವಾದ ಜಾಗ ಮುಗಿದ ಮೇಲೆ ಹಾಕಿದ ಫೋಟೊಗಳ ಹೆಸರು ಕಾಣುತ್ತದೆ, ತೆರೆದರೆ ಬರುವುದಿಲ್ಲ. ಮದುವೆ ವಿಡಿಯೊ ಹಾಕುವ ಮೊದಲು ಎಚ್2ಟೆಸ್ಟ್‌ಡಬ್ಲ್ಯೂ ಎಂಬ ಉಚಿತ ತಂತ್ರಾಂಶದಲ್ಲಿ ಪರೀಕ್ಷಿಸಿಕೊಳ್ಳಿ.

ಬದಲಾಯಿಸುವ ಮುನ್ನ ಬ್ಯಾಕಪ್ ತೆಗೆದುಕೊಳ್ಳಿ. ಅನೇಕ ವಿಂಡೋಸ್ 11 ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್ ತಾನಾಗಿಯೇ ಗೂಢಲಿಪಿಯಲ್ಲಿರುತ್ತದೆ. ಹೊರಗೆ ತೆಗೆದು ಬೇರೆ ಕಂಪ್ಯೂಟರಿಗೆ ಜೋಡಿಸಿದರೆ 48 ಅಂಕಿಗಳ ಬಿಟ್‌ಲಾಕರ್ ಕೀ ಕೇಳುತ್ತದೆ. ಅದು ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿದೆಯೇ ಎಂದು ಮೊದಲೇ ನೋಡಿ ಬರೆದಿಟ್ಟುಕೊಳ್ಳಿ. ಕೆಲಸ ಮುಗಿದ ಮೇಲೆ ಹಳೆ ಡಿಸ್ಕ್ ಅಂಗಡಿಯಲ್ಲೇ ಬಿಟ್ಟು ಬರಬೇಡಿ. ನಿಮ್ಮ ಆಧಾರ್ ಪ್ರತಿ, ಬ್ಯಾಂಕ್ ಪಾಸ್‌ಬುಕ್ ಸ್ಕ್ಯಾನ್ ಎಲ್ಲ ಅದರೊಳಗೇ ಇವೆ. ಒಂದು ಯುಎಸ್‌ಬಿ ಕೇಸ್ ಕೊಂಡರೆ ಅದೇ ಬ್ಯಾಕಪ್ ಡಿಸ್ಕ್ ಆಗುತ್ತದೆ.