ಕೆಲಸದ ಜಾಗದಲ್ಲಿ ಮೊಬೈಲ್: ಅಪಾಯ ಇರುವುದು ಚಾರ್ಜರ್‌ನಲ್ಲೋ, ಎಪಿಕೆ ಫೈಲ್‌ನಲ್ಲೋ?

“ಬಸ್ ನಿಲ್ದಾಣ, ರೈಲು ನಿಲ್ದಾಣಗಳಲ್ಲಿ ಮೊಬೈಲ್ ಚಾರ್ಜ್‌ಗೆ ಹಾಕಬೇಡಿ. ಕ್ಷಣದಲ್ಲಿ ಖಾತೆ ಖಾಲಿಯಾಗುತ್ತದೆ. ತಪ್ಪದೇ ಎಲ್ಲರಿಗೂ ಕಳಿಸಿ.” ಇಂಥ ಸಂದೇಶ ನಿಮ್ಮ ಕೆಲಸದ ವಾಟ್ಸಾಪ್ ಗುಂಪಿಗೂ ಬಂದಿರಬಹುದು. ಅದೇ ಗುಂಪಿಗೆ ಇನ್ನೊಂದು ದಿನ ‘ಆರ್‌ಟಿಒ ಚಲನ್’ ಅಥವಾ ‘ಮದುವೆ ಆಮಂತ್ರಣ’ ಎಂಬ ಹೆಸರಿನ ಫೈಲ್ ಬರುತ್ತದೆ. ಮೊದಲನೆಯದಕ್ಕೆ ಹೆದರಿ ನಾವು ಹತ್ತು ಜನರಿಗೆ ಕಳಿಸುತ್ತೇವೆ. ಎರಡನೆಯದನ್ನು ಯೋಚಿಸದೇ ಒತ್ತುತ್ತೇವೆ. ಹೆಚ್ಚು ಹೆದರಬೇಕಾದದ್ದು ಎರಡನೆಯದಕ್ಕೆ.

ಚಾರ್ಜರ್ ಭಯ ಎಷ್ಟು ನಿಜ?

ಇದನ್ನು ‘ಜ್ಯೂಸ್ ಜಾಕಿಂಗ್’ ಎನ್ನುತ್ತಾರೆ. ಯುಎಸ್‌ಬಿ ಕೇಬಲ್‌ನಲ್ಲಿ ವಿದ್ಯುತ್ತಿನ ಜೊತೆಗೆ ಮಾಹಿತಿಯೂ ಹರಿಯಬಲ್ಲದು. ಅದನ್ನು ದುರ್ಬಳಕೆ ಮಾಡಬಹುದು ಎಂದು 2011ರಲ್ಲಿ ಅಮೆರಿಕದ ಡೆಫ್‌ಕಾನ್ ಸಮಾವೇಶದಲ್ಲಿ ತೋರಿಸಲಾಯಿತು. ನಮ್ಮ ರಿಸರ್ವ್ ಬ್ಯಾಂಕ್ 2022ರಲ್ಲಿ ಹೊರತಂದ ಜಾಗೃತಿ ಪುಸ್ತಿಕೆಯಲ್ಲೂ ಇದರ ಉಲ್ಲೇಖವಿದೆ. ಹಾಗಾಗಿ ಇದು ಪೂರ್ತಿ ಸುಳ್ಳಲ್ಲ.

ಆದರೆ ಈಗಿನ ಆಂಡ್ರಾಯ್ಡ್ ಫೋನ್‌ಗಳು ಕೇಬಲ್ ಚುಚ್ಚಿದ ಕೂಡಲೇ ‘ಚಾರ್ಜ್ ಮಾತ್ರ’ ಎಂಬ ಸ್ಥಿತಿಯಲ್ಲಿರುತ್ತವೆ. ಐಫೋನ್ ‘ಈ ಕಂಪ್ಯೂಟರನ್ನು ನಂಬಬಹುದೇ?’ ಎಂದು ಕೇಳುತ್ತದೆ. ಜನಸಾಮಾನ್ಯರ ಹಣ ಈ ದಾರಿಯಲ್ಲಿ ಹೋದ ಖಚಿತ ಪ್ರಕರಣಗಳು ತೀರಾ ವಿರಳ. ನಿಮ್ಮದೇ ಅಡಾಪ್ಟರ್ ಅನ್ನು ಗೋಡೆಯ ಪ್ಲಗ್‌ಗೆ ಹಾಕಿದರೆ ಆ ಚಿಂತೆಯೂ ಇಲ್ಲ.

ನಮ್ಮಲ್ಲಿ ಕಚೇರಿ ಇರುವುದು ಜೇಬಿನಲ್ಲಿ

ದೊಡ್ಡ ಐಟಿ ಕಂಪನಿಗಳು ಕೆಲಸಕ್ಕೆ ಬೇರೆ ಫೋನ್ ಅಥವಾ ಲ್ಯಾಪ್‌ಟಾಪ್ ಕೊಡುತ್ತವೆ, ಅದಕ್ಕೆ ಕಾವಲನ್ನೂ ಇಡುತ್ತವೆ. ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿ ಕಡೆ ಹೆಚ್ಚಿನವರು ಕೆಲಸ ಮಾಡುವುದು ಸ್ವಂತ ಫೋನ್‌ನಲ್ಲೇ. ಮಗುವಿನ ಆಟ, ಮನೆಯವರ ಗುಂಪು, ಸಂಬಳದ ಖಾತೆ, ಮಾಲೀಕರ ಲೆಕ್ಕ ಎಲ್ಲವೂ ಅದೊಂದರಲ್ಲೇ.

ಹಂಪಿ, ಕಮಲಾಪುರದ ಹೋಮ್‌ಸ್ಟೇ ಉದಾಹರಣೆ ತೆಗೆದುಕೊಳ್ಳಿ. ವಿದೇಶಿ ಅತಿಥಿ ಬಂದರೆ 24 ಗಂಟೆಯೊಳಗೆ ಅವರ ವಿವರವನ್ನು ಆನ್‌ಲೈನ್‌ನಲ್ಲಿ ಸಲ್ಲಿಸಬೇಕು. ಅದಕ್ಕಾಗಿ ಪಾಸ್‌ಪೋರ್ಟ್, ವೀಸಾದ ಫೋಟೊ ತೆಗೆದರೆ ಅದು ಗ್ಯಾಲರಿಯಲ್ಲೇ ಉಳಿದುಬಿಡುತ್ತದೆ. ಸಂಡೂರಿನ ಅದಿರು ಲಾರಿಗಳ ತೂಕದ ಚೀಟಿ, ಚಾಲಕರ ಲೈಸೆನ್ಸ್ ಗುಂಪುಗಳಲ್ಲಿ ಓಡಾಡಬಹುದು. ಕಂಪ್ಲಿಯಲ್ಲಿ ಭತ್ತ ಮಾರಿದ ರೈತರ ಖಾತೆ ಸಂಖ್ಯೆ ಗುಮಾಸ್ತರ ಚಾಟ್‌ನಲ್ಲಿರಬಹುದು.

ಸರ್ಕಾರಿ ಕೆಲಸವೂ ಹೀಗೆಯೇ. 2025ರ ಸೆಪ್ಟೆಂಬರ್ 22ರಂದು ರಾಜ್ಯ ಹಿಂದುಳಿದ ವರ್ಗಗಳ ಆಯೋಗದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ ಆರಂಭವಾದಾಗ, ಶಿಕ್ಷಕರು ತಮ್ಮ ಮೊಬೈಲ್‌ನಲ್ಲಿ ಆ್ಯಪ್ ಹಾಕಿಕೊಂಡು ಮನೆಮನೆಗೆ ಹೋದರು. ಜಾತಿ, ಆದಾಯ, ಉದ್ಯೋಗ ಸೇರಿ 60 ಪ್ರಶ್ನೆಗಳಿದ್ದವು. ಸೆಪ್ಟೆಂಬರ್ 25ರಂದು ಹೈಕೋರ್ಟ್ ಸಮೀಕ್ಷೆಗೆ ತಡೆ ನೀಡಲಿಲ್ಲ. ಆದರೆ ಸಂಗ್ರಹಿಸಿದ ಮಾಹಿತಿ ಗೋಪ್ಯವಾಗಿರಬೇಕು, ಉತ್ತರ ಕೊಡುವಂತೆ ಜನರನ್ನು ಬಲವಂತ ಮಾಡಬಾರದು ಎಂದಿತು. ಆ ಗೋಪ್ಯತೆ ಸರ್ವರ್‌ನಲ್ಲಿ ಮಾತ್ರ ಇದ್ದರೆ ಸಾಲದು, ಮಾಹಿತಿ ತುಂಬುವ ಫೋನ್‌ನಲ್ಲೂ ಇರಬೇಕು.

ಆ ಫೈಲ್ ಒತ್ತಿದರೆ ಏನಾಗುತ್ತದೆ?

ಎಪಿಕೆ ಎಂದರೆ ಆಂಡ್ರಾಯ್ಡ್ ಆ್ಯಪ್ ಅಳವಡಿಸುವ ಫೈಲ್. ಅದು ಫೋಟೊ ಅಲ್ಲ, ಪಿಡಿಎಫ್ ಅಲ್ಲ. ಹೆಸರು ಮಾತ್ರ ನಮ್ಮ ಬದುಕಿಗೆ ತಕ್ಕಂತೆ ಬದಲಾಗುತ್ತದೆ: ಚಾಲಕರಿಗೆ ‘ಚಲನ್’, ರೈತರಿಗೆ ‘ಪಿಎಂ ಕಿಸಾನ್’, ಎಲ್ಲರಿಗೂ ‘ಮದುವೆ ಆಮಂತ್ರಣ’.

ಒತ್ತಿದ ಕೂಡಲೇ ಹಣ ಹೋಗುವುದಿಲ್ಲ. ‘ಅಪರಿಚಿತ ಮೂಲದಿಂದ ಅಳವಡಿಸಲೇ?’ ಎಂದು ಫೋನ್ ಎಚ್ಚರಿಸುತ್ತದೆ. ನಾವು ‘ಸರಿ’ ಎಂದರೆ ಆ್ಯಪ್ ಒಳಗೆ ಬಂದು ಎಸ್‌ಎಂಎಸ್, ಸಂಪರ್ಕ ಪಟ್ಟಿ, ‘ಆ್ಯಕ್ಸೆಸಿಬಿಲಿಟಿ’ ಅನುಮತಿ ಕೇಳುತ್ತದೆ. ಎಸ್‌ಎಂಎಸ್ ಅನುಮತಿ ಸಿಕ್ಕರೆ ಬ್ಯಾಂಕಿನ ಒಟಿಪಿ ವಂಚಕರಿಗೆ ತಲುಪುತ್ತದೆ. ‘ಆ್ಯಕ್ಸೆಸಿಬಿಲಿಟಿ’ ಇರುವುದು ಅಂಗವಿಕಲರ ಅನುಕೂಲಕ್ಕೆ. ಅದು ವಂಚಕರ ಕೈಗೆ ಸಿಕ್ಕರೆ ಪರದೆಯ ಮೇಲಿರುವುದನ್ನು ಓದಬಹುದು, ನಿಮ್ಮ ಬದಲು ಗುಂಡಿಯನ್ನೂ ಒತ್ತಬಹುದು.

ವಾಟ್ಸಾಪ್ ಕೂಡ ಅವರ ಕೈಗೆ ಹೋದರೆ ಅದೇ ಫೈಲ್ ನಿಮ್ಮ ಹೆಸರಿನಲ್ಲಿ ಕೆಲಸದ ಗುಂಪಿಗೆ ಹೋಗುತ್ತದೆ. ‘ಮೇಷ್ಟ್ರು ಕಳಿಸಿದ್ದು’, ‘ಸೂಪರ್‌ವೈಸರ್ ಕಳಿಸಿದ್ದು’ ಎಂದು ಉಳಿದವರು ತೆರೆಯುತ್ತಾರೆ. ಪರಿಚಿತರಿಂದ ಬಂತು ಎಂಬ ಕಾರಣಕ್ಕೆ ಫೈಲ್ ಸುರಕ್ಷಿತ ಆಗುವುದಿಲ್ಲ.

ಫೋನ್ ಕಳೆದುಹೋದರೆ?

ಜಾತ್ರೆಯಲ್ಲೋ ಬಸ್ಸಿನಲ್ಲೋ ಫೋನ್ ಕಳೆದರೆ ಅದರ ಬೆಲೆಯಷ್ಟೇ ನಷ್ಟವಲ್ಲ. ಮೊದಲು ಸಿಮ್ ಬ್ಲಾಕ್ ಮಾಡಿಸಿ, ಬ್ಯಾಂಕಿಗೆ ತಿಳಿಸಿ. ನಂತರ ಪೊಲೀಸ್ ದೂರು ಕೊಟ್ಟು, 2023ರ ಮೇ ತಿಂಗಳಲ್ಲಿ ಆರಂಭವಾದ ‘ಸಂಚಾರ್ ಸಾಥಿ’ ಪೋರ್ಟಲ್‌ನಲ್ಲಿ ಐಎಂಇಐ ಸಂಖ್ಯೆ ಹಾಕಿ ಫೋನನ್ನೇ ಬ್ಲಾಕ್ ಮಾಡಿಸಬಹುದು. ಆ ಸಂಖ್ಯೆ ತಿಳಿಯಲು ಈಗಲೇ *#06# ಒತ್ತಿ, ಕಾಗದದಲ್ಲಿ ಬರೆದಿಡಿ.

ಇವಿಷ್ಟು ಮಾಡಿ

• ವಾಟ್ಸಾಪ್‌ನಲ್ಲಿ ಬಂದ, ಹೆಸರಿನ ಕೊನೆಯಲ್ಲಿ ‘ಎಪಿಕೆ’ ಎಂದಿರುವ ಫೈಲ್ ತೆರೆಯಬೇಡಿ. ಕಳಿಸಿದವರಿಗೆ ಕರೆ ಮಾಡಿ ಕೇಳಿ.
• ಅತಿಥಿಗಳ, ಗ್ರಾಹಕರ ದಾಖಲೆಯ ಫೋಟೊವನ್ನು ಕೆಲಸ ಮುಗಿದ ದಿನವೇ ಅಳಿಸಿ. ‘ಟ್ರ್ಯಾಶ್’ ಫೋಲ್ಡರ್‌ನಿಂದಲೂ ತೆಗೆಯಿರಿ.
• ಆಧಾರ್ ಪ್ರತಿ ಬೇಕಿದ್ದರೆ ಕೊನೆಯ 4 ಅಂಕಿ ಮಾತ್ರ ಕಾಣುವ ‘ಮಾಸ್ಕ್ಡ್ ಆಧಾರ್’ ಸಾಕೇ ಎಂದು ಕೇಳಿ.
• ವಾಟ್ಸಾಪ್‌ಗೆ ಎರಡು ಹಂತದ ಪಿನ್, ಫೋನ್‌ಗೆ ಸ್ಕ್ರೀನ್ ಲಾಕ್ ಇರಲಿ.
• ಕೆಲಸ ಬಿಟ್ಟವರನ್ನು ಅಂದೇ ಗುಂಪಿನಿಂದ ತೆಗೆಯಿರಿ.

ತಪ್ಪಾದ ಮೇಲೆ ಮೊದಲ ಗಂಟೆ

ಹಣ ಹೋಗಿದ್ದರೆ ತಕ್ಷಣ ಇಂಟರ್ನೆಟ್ ಬಂದ್ ಮಾಡಿ, ಬೇರೆ ಫೋನ್‌ನಿಂದ 1930ಕ್ಕೆ ಕರೆ ಮಾಡಿ. ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಜಿಗಿಯುವ ಮೊದಲೇ ತಿಳಿಸಿದರೆ ತಡೆಹಿಡಿಯುವ ಸಾಧ್ಯತೆ ಹೆಚ್ಚು. ನಿಮ್ಮ ಬ್ಯಾಂಕಿಗೂ, ಗುಂಪಿನಲ್ಲಿರುವವರಿಗೂ ಹೇಳಿ.

ಇಲ್ಲೇ ದೊಡ್ಡ ತೊಡಕು. ‘ಮಾಲೀಕರು ಬೈದಾರು, ಕೆಲಸ ಹೋದೀತು’ ಎಂದು ಫೈಲ್ ಒತ್ತಿದವರು ಸುಮ್ಮನಾದರೆ ಆ ಅಮೂಲ್ಯ ಗಂಟೆ ಕಳೆದುಹೋಗುತ್ತದೆ. ಅಷ್ಟರಲ್ಲಿ ಇನ್ನೂ ನಾಲ್ವರು ಒತ್ತಿರುತ್ತಾರೆ. ದಿನಗೂಲಿ ಮೇಲೆ ಬದುಕುವವರಿಗೆ ಎರಡನೇ ಫೋನ್ ಕೊಳ್ಳಿ ಎನ್ನುವುದು ಸುಲಭದ ಮಾತಲ್ಲ. ನೌಕರರ ಫೋನನ್ನೇ ಕಚೇರಿ ಮಾಡಿಕೊಂಡಿರುವ ಮಾಲೀಕರು, ಇಲಾಖೆಗಳು ಅದರ ಹೊಣೆಯನ್ನೂ ಹಂಚಿಕೊಳ್ಳಬೇಕು. ‘ತಪ್ಪಾಗಿದ್ದರೆ ಮೊದಲು ಹೇಳಿ, ಬೈಯುವುದಿಲ್ಲ’ ಎಂದು ಇವತ್ತೇ ಗುಂಪಿನಲ್ಲಿ ಹಾಕಿದರೆ ಖರ್ಚೇನೂ ಇಲ್ಲ.

ಚಾರ್ಜರ್ ಸಂದೇಶ ಮತ್ತೆ ಬಂದಾಗ ಅದರ ಬದಲು 1930 ಎಂಬ ಸಂಖ್ಯೆಯನ್ನು ಫಾರ್ವರ್ಡ್ ಮಾಡಿ. ಅದು ಯಾರಿಗಾದರೂ ಉಪಯೋಗಕ್ಕೆ ಬಂದೀತು.